ಹತ್ತೊಂಬತ್ತು ದಿನ, ಹದಿನಾಲ್ಕು ತಪ್ಪು: ಜಿಆರ್‌ಇ ವರ್ಬಲ್‌ನ ಒಂದು ಪ್ರಕರಣ ಅಧ್ಯಯನ

ಭಾನುವಾರ ಬೆಳಿಗ್ಗೆ, ವಿದೇಶದ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇಯ ಉಚಿತ ಅಭ್ಯಾಸ ಪರೀಕ್ಷೆ ಪವರ್‌ಪ್ರೆಪ್ ಮುಗಿದಾಗ ಪರದೆಯ ಮೇಲೆ ಬಂದದ್ದು ಕ್ವಾಂಟ್ (ಗಣಿತ) 165, ವರ್ಬಲ್ (ಇಂಗ್ಲಿಷ್ ಭಾಷೆ) 148. ನಿಜವಾದ ಪರೀಕ್ಷೆ ಅಲ್ಲಿಂದ ಮೂರನೆಯ ಶನಿವಾರ. ನಡುವೆ ಉಳಿದದ್ದು 19 ದಿನ. ಅಭ್ಯರ್ಥಿ ತುಮಕೂರು ಕಡೆಯವಳು, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಮೆಕ್ಯಾನಿಕಲ್ ಬಿ.ಇ., ಈಗ ಬೆಂಗಳೂರಿನಲ್ಲಿ ಕೆಲಸ. ಅಮೆರಿಕದಲ್ಲಿ ಎಂ.ಎಸ್. ಮಾಡುವ ಯೋಚನೆ. ಎಂಜಿನಿಯರಿಂಗ್ ವಿಭಾಗಗಳು ಸಾಮಾನ್ಯವಾಗಿ ಕ್ವಾಂಟ್ ಅಂಕವನ್ನೇ ಹೆಚ್ಚು ನೋಡುತ್ತವೆ. ಆದರೂ ವರ್ಬಲ್ 150ರ ಕೆಳಗಿದ್ದರೆ ಅರ್ಜಿ ಸೊರಗುತ್ತದೆ ಎಂಬ ಅಳುಕು ಅವಳಿಗಿತ್ತು. ಇಟ್ಟುಕೊಂಡ ಗುರಿ 153.

ಮೊದಲೇ ಒಂದು ಮಾತು. ಈ ಅಭ್ಯರ್ಥಿ ಯಾರೋ ಒಬ್ಬಳಲ್ಲ. ಒಂದೇ ಬಗೆಯ ತೊಡಕಿನಲ್ಲಿ ಸಿಕ್ಕಿಕೊಳ್ಳುವ ಹಲವರನ್ನು ಕೂಡಿಸಿ ಮಾಡಿದ ಚಿತ್ರ ಇದು. ಅವಳ ಅಂಕಗಳನ್ನೂ ತಪ್ಪುಗಳ ಲೆಕ್ಕವನ್ನೂ ವಿಧಾನ ಕಾಣುವಂತೆ ಹೊಂದಿಸಿದೆ. ಪರೀಕ್ಷೆಯ ನಿಯಮಗಳು ಮಾತ್ರ ಇದ್ದದ್ದು ಇದ್ದಂತೆಯೇ.

ಪರೀಕ್ಷೆಯ ಅಳತೆ

2023ರ ಸೆಪ್ಟೆಂಬರ್‌ನಿಂದ ಜಿಆರ್‌ಇ ಚಿಕ್ಕದಾಗಿದೆ. ಒಟ್ಟು 1 ಗಂಟೆ 58 ನಿಮಿಷ. ಮೊದಲು 30 ನಿಮಿಷದ ಒಂದು ಪ್ರಬಂಧ, ಆಮೇಲೆ ವರ್ಬಲ್ ಎರಡು ಭಾಗ, ಕ್ವಾಂಟ್ ಎರಡು ಭಾಗ. ವರ್ಬಲ್‌ನ ಮೊದಲ ಭಾಗದಲ್ಲಿ 18 ನಿಮಿಷಕ್ಕೆ 12 ಪ್ರಶ್ನೆ, ಎರಡನೆಯದರಲ್ಲಿ 23 ನಿಮಿಷಕ್ಕೆ 15. ಮೊದಲ ಭಾಗದಲ್ಲಿ ಹೇಗೆ ಮಾಡಿದ್ದೀರಿ ಎಂಬುದರ ಮೇಲೆ ಎರಡನೆಯ ಭಾಗ ಎಷ್ಟು ಕಠಿಣ ಎಂಬುದು ನಿರ್ಧಾರವಾಗುತ್ತದೆ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಒಂದು ಭಾಗದೊಳಗೆ ಪ್ರಶ್ನೆಗೆ ಗುರುತು ಹಾಕಿಟ್ಟು ಮತ್ತೆ ಹಿಂದಿರುಗಬಹುದು. ಭಾಗ ಮುಗಿದ ಮೇಲೆ ಆ ಬಾಗಿಲು ಮುಚ್ಚಿತು.

ಪ್ರಶ್ನೆಗಳಲ್ಲಿ ಮೂರು ಜಾತಿ. ನಮ್ಮ ಶಾಲೆಯ 'ಬಿಟ್ಟ ಸ್ಥಳ ತುಂಬಿ'ಯ ದೊಡ್ಡಣ್ಣನಾದ ಟೆಕ್ಸ್ಟ್ ಕಂಪ್ಲೀಷನ್, ಆರು ಆಯ್ಕೆಗಳಲ್ಲಿ ಒಂದೇ ಅರ್ಥ ಕೊಡುವ ಎರಡನ್ನು ಆರಿಸುವ ಸೆಂಟೆನ್ಸ್ ಈಕ್ವಿವಲೆನ್ಸ್, ಮತ್ತು ಪ್ಯಾಸೇಜ್ ಓದಿ ಉತ್ತರಿಸುವ ರೀಡಿಂಗ್ ಕಾಂಪ್ರಹೆನ್ಷನ್. ಪ್ರಶ್ನೆಗಳಲ್ಲಿ ಸುಮಾರು ಅರ್ಧ ಈ ಕೊನೆಯ ಜಾತಿಯವು. ಇದನ್ನು ಮರೆತು ಹಗಲು ರಾತ್ರಿ ಪದಪಟ್ಟಿ ಉರು ಹೊಡೆಯುವವರೇ ಹೆಚ್ಚು.

ತಪ್ಪುಗಳನ್ನು ಬಿಡಿಸಿ ನೋಡಿದ್ದು

148 ಬಂದದ್ದು ಹೇಗೆ? ಮೊದಲ ಭಾಗದಲ್ಲಿ 12ಕ್ಕೆ 6 ಸರಿ, ಎರಡನೆಯದರಲ್ಲಿ 15ಕ್ಕೆ 7. ಒಟ್ಟು 14 ತಪ್ಪು. ಅಭ್ಯರ್ಥಿಯ ತೀರ್ಪು ಆಗಲೇ ಸಿದ್ಧವಾಗಿತ್ತು: ವೊಕ್ಯಾಬುಲರಿ ವೀಕು, ದಿನಕ್ಕೆ 50 ಪದ ಕಲಿತರೆ 19 ದಿನಕ್ಕೆ 950 ಪದ.

ಸೋಮವಾರ ಒಂದು ಪದವನ್ನೂ ಕಲಿಯದೆ ಆ 14 ಪ್ರಶ್ನೆಗಳನ್ನೇ ಮತ್ತೆ ಬಿಡಿಸಿದ್ದಾಯಿತು. ಸರಿಯುತ್ತರ ನೋಡುವಂತಿಲ್ಲ, ನಿಘಂಟು ಮುಟ್ಟುವಂತಿಲ್ಲ, ಆದರೆ ಎಷ್ಟು ಹೊತ್ತಾದರೂ ತೆಗೆದುಕೊಳ್ಳಬಹುದು. ಹೀಗೆ ಮಾಡಿದಾಗ 14ರಲ್ಲಿ 5 ಸರಿಯಾದವು. ಅಂದರೆ ಆ ಐದರಲ್ಲಿ ವಿದ್ಯೆಗೇನೂ ಕೊರತೆ ಇರಲಿಲ್ಲ. ಗಡಿಬಿಡಿಯಲ್ಲಿ ಹೋದವು ಅವು. ಆಮೇಲೆ ಪ್ರತಿ ತಪ್ಪಿನ ಮುಂದೆ ಕಾರಣ ಬರೆದದ್ದು. 'ಸಿಲ್ಲಿ ಮಿಸ್ಟೇಕ್' ಎಂದು ಬರೆಯಲು ಅವಕಾಶವಿರಲಿಲ್ಲ. ಅದು ಕಾರಣವಲ್ಲ, ಸಮಾಧಾನ.

ಲೆಕ್ಕ ಹೀಗೆ ಬಂತು. ಪದವೇ ಗೊತ್ತಿಲ್ಲದೆ ತಪ್ಪಿದ್ದು 3. ಪದ ಅರ್ಧಂಬರ್ಧ ಗೊತ್ತಿದ್ದು ತಪ್ಪಿದ್ದು 4. ವಾಕ್ಯ ಎತ್ತ ತಿರುಗಿತು ಎಂಬುದು ತಿಳಿಯದೆ ತಪ್ಪಿದ್ದು 3. ಪ್ಯಾಸೇಜ್ ಹೇಳಿದ್ದಕ್ಕಿಂತ ಹೆಚ್ಚು ಹೇಳುವ ಉತ್ತರ ಆರಿಸಿ ತಪ್ಪಿದ್ದು 2. ಸಮಯ ಸಾಲದೆ ಕಣ್ಣುಮುಚ್ಚಿ ಒತ್ತಿದ್ದು 2. ದಿನಕ್ಕೆ 50 ಹೊಸ ಪದದ ಯೋಜನೆ ನೇರವಾಗಿ ಮುಟ್ಟುತ್ತಿದ್ದದ್ದು ಮೊದಲ ಮೂರನ್ನು ಮಾತ್ರ. ಅದೂ ಆ ಪದಗಳು ಅವಳ ಪಟ್ಟಿಯಲ್ಲಿದ್ದರೆ.

ಗೊತ್ತಿದೆ ಎಂದುಕೊಂಡ ಪದಗಳು

ಆ ನಾಲ್ಕರಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಪ್ರಶ್ನೆಯ ಸ್ವರೂಪವನ್ನು ಕನ್ನಡದಲ್ಲಿ ಹೇಳುವುದಾದರೆ: 'ವಿಮರ್ಶಕರು ಕಾದಂಬರಿಯನ್ನು ಮೆಚ್ಚಿದರೇನೋ ಹೌದು, ಆದರೆ ಅವರ ಮೆಚ್ಚುಗೆ ______ ಆಗಿತ್ತು, ಪ್ರತಿ ಹೊಗಳಿಕೆಯ ಬೆನ್ನಿಗೂ ಒಂದು ಆಕ್ಷೇಪ ಇತ್ತು.' ಆಯ್ಕೆಗಳಲ್ಲಿ ಎಫ್ಯೂಸಿವ್ (ಉಕ್ಕಿ ಹರಿಯುವ) ಇತ್ತು, ಕ್ವಾಲಿಫೈಡ್ ಇತ್ತು, ಅನ್‌ಪ್ರಿಸೆಡೆಂಟೆಡ್ (ಹಿಂದೆಂದೂ ಇಲ್ಲದ) ಇತ್ತು, ಇನ್ನೆರಡು ಇದ್ದವು. ಅವಳು ಕ್ವಾಲಿಫೈಡ್ ಅನ್ನು ಮೊದಲ ನೋಟಕ್ಕೇ ಹೊಡೆದುಹಾಕಿದ್ದಳು.

"ಆ ಪದ ಗೊತ್ತಿತ್ತಾ?" ಎಂದು ಹೇಳಿಕೊಡುವವರು ಕೇಳಿದರು.

"ಗೊತ್ತಿತ್ತು ಸರ್. ಅರ್ಹತೆ ಇರೋದು. ಮೆಚ್ಚುಗೆಗೆ ಎಂಥ ಅರ್ಹತೆ ಅಂತ ಬಿಟ್ಟೆ."

ಸರಿಯುತ್ತರ ಅದೇ. ಇಲ್ಲಿ ಕ್ವಾಲಿಫೈಡ್ ಎಂದರೆ ಷರತ್ತು ಹಾಕಿದ, ಅರೆಮನಸ್ಸಿನ. ಗೊತ್ತೇ ಇಲ್ಲದ ಪದವಾಗಿದ್ದರೆ ಅವಳು ಅದನ್ನು ಬದಿಗಿಟ್ಟು ಉಳಿದ ನಾಲ್ಕನ್ನು ಪರೀಕ್ಷಿಸಿ, ಯಾವುದೂ ಕೂಡುತ್ತಿಲ್ಲ ಎಂದು ಕಂಡು, ಇದಕ್ಕೇ ಬರುತ್ತಿದ್ದಳು. ಅರ್ಧ ಗೊತ್ತಿದ್ದದ್ದೇ ಮುಳುವಾಯಿತು. ಗೊತ್ತಿಲ್ಲದ ಪದದ ಮುಂದೆ ಅಭ್ಯರ್ಥಿ ಹುಷಾರಾಗಿರುತ್ತಾನೆ, ಅರೆಬರೆ ಗೊತ್ತಿರುವ ಪದದ ಮುಂದೆ ಮೈಮರೆಯುತ್ತಾನೆ. ಕಡಿಮೆ ದಿನ ಇರುವಾಗ ಮೊದಲು ಕೈಹಾಕಬೇಕಾದ ಜಾಗ ಇದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕನ್ನಡಿಗರಿಗೆ ಇದರಲ್ಲಿ ಒಂದು ವಿಶೇಷ ಅಪಾಯ ಇದೆ. ನೂರಾರು ಇಂಗ್ಲಿಷ್ ಪದಗಳು ನಮ್ಮ ಮಾತಿನಲ್ಲಿ ಒಂದೇ ಒಂದು ಅರ್ಥ ಹೊತ್ತು ಕೂತಿವೆ. ಲೋನ್ ಸ್ಯಾಂಕ್ಷನ್ ಆಯ್ತು ಅನ್ನುತ್ತೇವೆ. ಪರೀಕ್ಷೆಯಲ್ಲಿ ಸ್ಯಾಂಕ್ಷನ್ ಮಂಜೂರಾತಿಯೂ ಹೌದು, ದಂಡನೆಯೂ ಹೌದು, ವಾಕ್ಯ ನೋಡಿಯೇ ಹೇಳಬೇಕು. ಅರೆಸ್ಟ್ ಎಂದರೆ ಪೊಲೀಸರು ಮಾಡುವುದಷ್ಟೇ ಅಲ್ಲ, ಯಾವುದೇ ಬೆಳವಣಿಗೆಯನ್ನು ತಡೆದು ನಿಲ್ಲಿಸುವುದು. ಚೆಕ್ ಕೂಡ ಹಾಗೆಯೇ: ಅಂಕೆಯಲ್ಲಿಡು. ಟೆಂಡರ್ ಲೋಕೋಪಯೋಗಿ ಇಲಾಖೆಯದ್ದಲ್ಲ, ರಾಜೀನಾಮೆಯನ್ನು 'ಮುಂದಿಡು' ಎನ್ನುವಾಗಿನ ಕ್ರಿಯಾಪದ. ಪ್ಲಾಸ್ಟಿಕ್ ಎಂದರೆ ಬೇಕಾದ ಆಕಾರಕ್ಕೆ ಬಗ್ಗುವ. ಎಕಾನಮಿ ಎಂದರೆ ಮಾತಿನ ಹಿತಮಿತ. ಪೆಡೆಸ್ಟ್ರಿಯನ್ ಎಂದರೆ ಸಪ್ಪೆಯಾದ, ಅಪ್ರೋಪ್ರಿಯೇಟ್ ಕ್ರಿಯಾಪದವಾದಾಗ ದಕ್ಕಿಸಿಕೊಳ್ಳು, ಚಾಂಪಿಯನ್ ಕ್ರಿಯಾಪದವಾದಾಗ ಪರವಾಗಿ ನಿಲ್ಲು, ಬಿಟ್ರೇ ಎಂದರೆ ದ್ರೋಹದ ಜೊತೆಗೆ 'ಒಳಗಿದ್ದದ್ದನ್ನು ಹೊರಗೆಡಹು' ಕೂಡ. ಟೆಂಪರ್ ಮಾತ್ರ ಈ ಅಭ್ಯರ್ಥಿಗೆ ಒಂದೇ ಸಲಕ್ಕೆ ಹತ್ತಿತು. ಕಾಸಿ ನೀರಿಗೋ ಎಣ್ಣೆಗೋ ಅದ್ದಿ ಗಡಸು ಮಾಡಿದ ಉಕ್ಕನ್ನು ಮತ್ತೆ ಹದವಾಗಿ ಕಾಯಿಸಿ ಪೆಡಸುತನ ತಗ್ಗಿಸುವುದು ಟೆಂಪರಿಂಗ್, ಮೆಕ್ಯಾನಿಕಲ್‌ನವರ ನಿತ್ಯದ ಮಾತು. 'ಉತ್ಸಾಹವನ್ನು ಟೆಂಪರ್ ಮಾಡಿತು' ಎಂದರೂ ಅದೇ: ತಗ್ಗಿಸಿತು, ಹದಕ್ಕೆ ತಂದಿತು.

ಇನ್ನೊಂದು ಗುಂಪು, ಕಿವಿಗೆ ಒಂದು ಹೇಳಿ ಒಳಗೆ ಇನ್ನೊಂದಾಗಿರುವ ಪದಗಳು. ಎನರ್ವೇಟ್ ಕೇಳಿದರೆ ಎನರ್ಜಿ ನೆನಪಾಗುತ್ತದೆ, ಅರ್ಥ ನಿತ್ರಾಣ ಮಾಡು. ನಾಯ್ಸಮ್‌ಗೂ ಗದ್ದಲಕ್ಕೂ ಸಂಬಂಧವಿಲ್ಲ, ಅದು ದುರ್ನಾತ. ರೆಸ್ಟಿವ್ ವಿಶ್ರಾಂತಿಯಲ್ಲ, ಚಡಪಡಿಕೆ. ಡಿಸಿಂಟರೆಸ್ಟೆಡ್ ನಿರಾಸಕ್ತನಲ್ಲ, ನಿಷ್ಪಕ್ಷಪಾತಿ. ಮೆರಿಟ್ರೀಷಿಯಸ್‌ನಲ್ಲಿ ಮೆರಿಟ್ ಹುಡುಕಬೇಡಿ, ಅದು ಮೇಲಿನ ಥಳಕು.

ಮೂರು ರಾಶಿ

ಅವಳ ಬಳಿ 900 ಪದಗಳ ಪಟ್ಟಿಯೊಂದಿತ್ತು. ಅದನ್ನು ಕಲಿಯುವ ಬದಲು ವಿಂಗಡಿಸಲು ಹೇಳಿದ್ದು. ಪ್ರತಿ ಪದಕ್ಕೆ 5 ಸೆಕೆಂಡ್. ಅರ್ಥವನ್ನು ಕನ್ನಡದಲ್ಲಿ ಬಾಯಿಬಿಟ್ಟು ಹೇಳಬೇಕು. ತಡವರಿಸದೆ ಹೇಳಿದರೆ ಮೊದಲ ರಾಶಿ. 'ಏನೋ ನೆಗೆಟಿವ್ ಇರಬೇಕು', 'ಎಲ್ಲೋ ಕೇಳಿದ್ದೀನಿ' ಎಂದರೆ ಎರಡನೆಯದು. ತಲೆ ಅಲ್ಲಾಡಿಸಿದರೆ ಮೂರನೆಯದು. 900 ಪದಕ್ಕೆ ಹೀಗೆ ಸುಮಾರು ಒಂದೂಕಾಲು ಗಂಟೆ ಬೇಕು. ಎರಡು ಕಂತಿನಲ್ಲಿ ಮುಗಿಯಿತು. ಖಚಿತ 410, ಅರೆಬರೆ 230, ಗೊತ್ತೇ ಇಲ್ಲ 260.

ಮೂರನೆಯ ರಾಶಿಯಲ್ಲಿ, ಜಿಆರ್‌ಇ ನಡೆಸುವ ಸಂಸ್ಥೆಯಾದ ಇಟಿಎಸ್‌ನ ಅಧಿಕೃತ ಪ್ರಶ್ನೆಗಳಲ್ಲಿ ಕಣ್ಣಿಗೆ ಬಿದ್ದ ಪದಗಳನ್ನಷ್ಟೇ ಆರಿಸಿಕೊಂಡು ಉಳಿದದ್ದನ್ನು ಬಿಟ್ಟುಬಿಡಲಾಯಿತು. ಬಿಡುವುದಕ್ಕೆ ಧೈರ್ಯ ಬೇಕು, ಅವಳಿಗೆ ಅದು ಸುಲಭವಾಗಿರಲಿಲ್ಲ. ಎರಡನೆಯ ರಾಶಿಯ 230 ಪದ, ದಿನಕ್ಕೆ 18ರಂತೆ 13 ದಿನ. ಕಲಿತ ಪದವನ್ನು ಮರುದಿನ, ಮೂರನೆಯ ದಿನ, ಏಳನೆಯ ದಿನ ಮತ್ತೆ ಕೇಳುವುದು.

ಕಾರ್ಡ್ ಬರೆಯುವ ಕ್ರಮವೂ ಮುಖ್ಯ. ಮುಂದೆ ಒಂಟಿ ಪದ, ಹಿಂದೆ ನಿಘಂಟಿನ ನಾಲ್ಕು ಇಂಗ್ಲಿಷ್ ಸಮಾನಪದ ಬರೆದರೆ ಆ ನಾಲ್ಕೂ ಹೊಸ ಗೊಂದಲವಾಗುತ್ತವೆ. ಮುಂದೆ ಆ ಪದವಿರುವ ಪುಟ್ಟ ವಾಕ್ಯ, ಹಿಂದೆ ಕನ್ನಡದ ಒಂದು ನುಡಿಗಟ್ಟು, ಪಕ್ಕದಲ್ಲಿ ಮೆಚ್ಚುಗೆಯ ಪದವೋ ತೆಗಳಿಕೆಯದೋ ಎಂಬುದಕ್ಕೆ ಕೂಡುವ ಅಥವಾ ಕಳೆಯುವ ಚಿಹ್ನೆ. ಕನ್ನಡದ ನುಡಿಗಟ್ಟು ಎಂದಾಗ ಅನುವಾದ ಬೇಕಿಲ್ಲ, ಬಾಯಲ್ಲಿ ಆಡುವ ಮಾತು ಬೇಕು. ಪರ್ಫಂಕ್ಟರಿ ಎಂದರೆ ಕಾಟಾಚಾರದ. ಇದಕ್ಕಿಂತ ನಿಖರವಾದ ಅರ್ಥ ಇಂಗ್ಲಿಷ್ ನಿಘಂಟಿನಲ್ಲೂ ಸಿಗುವುದು ಕಷ್ಟ. ಆಬ್ಸೀಕ್ವಿಯಸ್, ಹಲ್ಲುಗಿಂಜುವ. ಹ್ಯಾಕ್ನೀಡ್, ಸವಕಲು. ಇಂಟ್ರಾನ್ಸಿಜೆಂಟ್, ಹಿಡಿದ ಪಟ್ಟು ಬಿಡದ. ಸ್ಪೀಷಸ್, ಮೇಲೆ ಥಳಕು ಒಳಗೆ ಟೊಳ್ಳಾದ ವಾದ. ಪಾರ್ಸಿಮೋನಿಯಸ್, ಎಂಜಲು ಕೈಯಲ್ಲಿ ಕಾಗೆ ಓಡಿಸದವನು. ಆದರೆ ಇದೇ ಪದ ವಿಜ್ಞಾನದ ಪ್ಯಾಸೇಜಿನಲ್ಲಿ ಬಂದರೆ ಜಿಪುಣತನವಲ್ಲ, ಕಡಿಮೆ ಊಹೆಗಳಲ್ಲಿ ಮುಗಿಯುವ ವಿವರಣೆ ಎಂಬ ಮೆಚ್ಚುಗೆ. ಹೀಗಾಗಿ ಆ ಕಾರ್ಡಿಗೆ ಎರಡು ಚಿಹ್ನೆ.

ಸೆಂಟೆನ್ಸ್ ಈಕ್ವಿವಲೆನ್ಸ್‌ಗೆ ಪದಗಳನ್ನು ಜೋಡಿಯಾಗಿಯೇ ಇಟ್ಟುಕೊಳ್ಳಬೇಕು. ಮಾತು ಕಮ್ಮಿಯವರು ಒಂದು ಕಡೆ: ಟ್ಯಾಸಿಟರ್ನ್, ರೆಟಿಸೆಂಟ್, ಲಕಾನಿಕ್. ವಾಚಾಳಿಗಳು ಇನ್ನೊಂದು ಕಡೆ: ಗ್ಯಾರುಲಸ್, ಲೊಕ್ವೇಷಸ್, ವಾಲ್ಯುಬಲ್. ನೋವು ತಗ್ಗಿಸುವವು: ಅಸ್ವೇಜ್, ಪ್ಯಾಲಿಯೇಟ್, ಅಲೀವಿಯೇಟ್. ಪ್ರಶ್ನೆಯಲ್ಲಿ ಆರು ಆಯ್ಕೆ ನೋಡಿದ ಕೂಡಲೇ ಜೋಡಿ ಹುಡುಕಬೇಕು. 'ವೇದಿಕೆಯ ಮೇಲೆ ಮಾತಿನ ಮಲ್ಲನಾದರೂ ಮನೆಯಲ್ಲಿ ಅವನು ______' ಎಂಬಂಥ ವಾಕ್ಯಕ್ಕೆ ಟ್ಯಾಸಿಟರ್ನ್, ರೆಟಿಸೆಂಟ್ ಒಂದು ಜೋಡಿ, ಗ್ಯಾರುಲಸ್, ಲೊಕ್ವೇಷಸ್ ಇನ್ನೊಂದು, ಜೊತೆಗೆ ಇರಿಟಬಲ್ (ಸಿಡುಕಿನ), ಡಿವೌಟ್ (ಭಕ್ತಿಯುಳ್ಳ) ಎಂಬ ಎರಡು ಒಂಟಿಗಳು. ಮನೆಯಲ್ಲಿ ಸಿಡುಕ ಎನ್ನುವುದು ಎಷ್ಟೇ ಸಹಜ ಅನ್ನಿಸಿದರೂ ಇರಿಟಬಲ್‌ಗೆ ಜೊತೆಗಾರ ಇಲ್ಲ, ಹಾಗಾಗಿ ಅದು ಉತ್ತರವಾಗಲಾರದು. ಜೋಡಿ ಸಿಕ್ಕಿತು ಎಂದು ವಾಕ್ಯ ನೋಡದೆ ಒತ್ತಿದರೂ ಕೆಟ್ಟಿತು. ಇಲ್ಲಿ ಎರಡನೆಯ ಜೋಡಿ ಇರುವುದೇ ಅಂಥವರಿಗಾಗಿ.

ವಾಕ್ಯದ ತಿರುವು

ಕನ್ನಡದ ವಾಕ್ಯದಲ್ಲಿ ಮುಖ್ಯ ಕ್ರಿಯಾಪದ ಕೊನೆಗೆ ಬರುತ್ತದೆ, ವಿಶೇಷಣಗಳೆಲ್ಲ ಅದಕ್ಕೆ ಮೊದಲೇ ಸಾಲುಗಟ್ಟಿರುತ್ತವೆ. ಇಂಗ್ಲಿಷ್ ಮುಖ್ಯ ಮಾತನ್ನು ಮೊದಲು ಹೇಳಿ ಉಳಿದದ್ದನ್ನು ಬಾಲದಂತೆ ಕಟ್ಟುತ್ತಾ ಹೋಗುತ್ತದೆ. ಜಿಆರ್‌ಇ ವಾಕ್ಯಗಳಲ್ಲಿ ಆ ಬಾಲದಲ್ಲೇ ಸುಳಿವು ಇರುತ್ತದೆ. ಅಭ್ಯರ್ಥಿಗೆ ಕೊಟ್ಟ ಕೆಲಸ ಇಷ್ಟು: ಎರಡು ಅಲ್ಪವಿರಾಮಗಳ ನಡುವಿನದ್ದನ್ನು ಮೊದಲ ಓದಿನಲ್ಲಿ ಹಾರಿಸಿ ಕರ್ತೃ ಮತ್ತು ಕ್ರಿಯಾಪದ ಹಿಡಿ, ತಿರುವಿನ ಪದ ಇದೆಯೇ ನೋಡು, ಆಯ್ಕೆಗಳನ್ನು ಕೈಯಿಂದ ಮರೆಮಾಡಿ ಬಿಟ್ಟ ಸ್ಥಳಕ್ಕೆ ನಿನ್ನದೇ ಪದ ಹಾಕು. ಆ ಪದ ಕನ್ನಡದ್ದಾಗಿದ್ದರೂ ಅಡ್ಡಿಯಿಲ್ಲ. ಇಂಗ್ಲಿಷಿನಲ್ಲೇ ಯೋಚಿಸಬೇಕು ಎಂದು ತರಬೇತಿ ಕೊಡುವವರು ಹೇಳುವುದುಂಟು. ಅದು ವರ್ಷಗಟ್ಟಲೆ ಅವಧಿ ಇರುವವರಿಗೆ ಸರಿ. ವಿಮರ್ಶಕರ ವಾಕ್ಯದಲ್ಲಿ 'ಅರೆಮನಸ್ಸಿನ' ಎಂದು ಮೊದಲೇ ಹಾಕಿಕೊಂಡಿದ್ದರೆ ಎಫ್ಯೂಸಿವ್ ಆಗಲೇ ಬಿದ್ದುಹೋಗುತ್ತಿತ್ತು.

ತಿರುವಿನ ಪದಗಳಲ್ಲಿ ಹೌಎವರ್, ಆಲ್ದೋ ಎಲ್ಲರಿಗೂ ಗೊತ್ತು. ಕಾಲು ಜಾರುವುದು ಸಣ್ಣಪುಟ್ಟ ಜೋಡಣೆಗಳಲ್ಲಿ. 'ನಥಿಂಗ್ ಬಟ್' ಎಂದರೆ ಅದೇ ಅದು, ಬೇರೇನೂ ಅಲ್ಲ. 'ಎನಿಥಿಂಗ್ ಬಟ್' ಎಂದರೆ ಅದೊಂದನ್ನು ಬಿಟ್ಟು ಬೇರೆ ಏನಾದರೂ ಆದೀತು, ಅಂದರೆ ಖಂಡಿತ ಅದಲ್ಲ. 'ಆಲ್ ಬಟ್' ಎಂದರೆ ಹೆಚ್ಚುಕಡಿಮೆ ಅದೇ. ಮೂರರಲ್ಲೂ ಬಟ್ ಇದೆ, ಮೂರಕ್ಕೂ ಮೂರು ದಿಕ್ಕು. 'ಯೂಸ್‌ಫುಲ್ ಇಫ್ ಟೀಡಿಯಸ್' ಎಂಬಲ್ಲಿ ಇಫ್ ಷರತ್ತಲ್ಲ: ಬೇಸರದ್ದಾದರೂ ಉಪಯುಕ್ತ. 'ಹಾರ್ಡ್‌ಲಿ'ಯಲ್ಲಿ ನಕಾರ ಅಡಗಿದೆ. 'ನಾಟ್ ಸೋ ಮಚ್ ಇದು ಆ್ಯಸ್ ಅದು' ಎಂದರೆ ಇದಕ್ಕಿಂತ ಅದೇ ಹೆಚ್ಚು. ಇಂಥ ಹನ್ನೆರಡು ಜೋಡಣೆಗಳನ್ನು ಒಂದೇ ಹಾಳೆಯಲ್ಲಿ ಬರೆದು ಕನ್ನಡದ ಅರ್ಥ ಸಮೇತ ಕಪಾಟಿನ ಬಾಗಿಲಿಗೆ ಅಂಟಿಸಿದ್ದಳು. ಅರ್ಧ ಗಂಟೆಯ ಈ ಕೆಲಸ, ಖರ್ಚಿನ ಲೆಕ್ಕದಲ್ಲಿ, ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಲಾಭ ತಂದದ್ದು.

ಗಡಿಯಾರ

ಮೂರು ಬಿಟ್ಟ ಸ್ಥಳಗಳ ಒಂದು ಪ್ರಶ್ನೆಯನ್ನು ಸ್ಟಾಪ್‌ವಾಚ್ ಹಿಡಿದು ಬಿಡಿಸಿದಾಗ ಅವಳಿಗೆ ಹಿಡಿದದ್ದು 3 ನಿಮಿಷ 40 ಸೆಕೆಂಡ್. ಒಂದು ಭಾಗದೊಳಗೆ ಎಲ್ಲ ಪ್ರಶ್ನೆಗಳ ತೂಕ ಒಂದೇ. ಮೂರೂ ಸ್ಥಳ ಸರಿಯಾದರೆ ಮಾತ್ರ ಅಂಕ, ಎರಡು ಸರಿಯಾದರೂ ಸೊನ್ನೆ. ಅಷ್ಟು ಹೊತ್ತಿನಲ್ಲಿ ಒಂದು ಸ್ಥಳದ ಪ್ರಶ್ನೆಗಳನ್ನು ನಾಲ್ಕು ಮಾಡಬಹುದು.

ಊಹೆಯ ಲೆಕ್ಕ ನೋಡಿದರೆ ಇದು ಇನ್ನೂ ಸ್ಪಷ್ಟ. ಏನೂ ತಿಳಿಯದೆ ಒತ್ತಿದರೆ ಒಂದು ಸ್ಥಳದ ಪ್ರಶ್ನೆ ಸರಿಯಾಗುವ ಸಾಧ್ಯತೆ 5ರಲ್ಲಿ 1. ಎರಡು ಸ್ಥಳ, ತಲಾ ಮೂರು ಆಯ್ಕೆ: 9ರಲ್ಲಿ 1. ಮೂರು ಸ್ಥಳ: 27ರಲ್ಲಿ 1. ಸೆಂಟೆನ್ಸ್ ಈಕ್ವಿವಲೆನ್ಸ್, ಆರರಲ್ಲಿ ಎರಡು: 15ರಲ್ಲಿ 1. ಪ್ಯಾಸೇಜಿನ ಸಾಮಾನ್ಯ ಪ್ರಶ್ನೆ 5ರಲ್ಲಿ 1, 'ಅನ್ವಯಿಸುವ ಎಲ್ಲವನ್ನೂ ಆರಿಸಿ' ಎಂಬುದು 7ರಲ್ಲಿ 1. ಸಮಯ ಮುಗಿಯುತ್ತಿರುವಾಗ ಊಹೆಗೆ ಬಿಡಬೇಕಾದದ್ದು ಐದರಲ್ಲೊಂದರ ಪ್ರಶ್ನೆಯನ್ನು. ಸೆಂಟೆನ್ಸ್ ಈಕ್ವಿವಲೆನ್ಸ್ ಅನ್ನು ಊಹೆಗೆ ಬಿಡುವುದು ಶುದ್ಧ ನಷ್ಟ, ಅದನ್ನು ಕೂತು ಮಾಡಬೇಕು. ಮೂರು ಸ್ಥಳದ್ದು ಒಂದೂವರೆ ನಿಮಿಷದಲ್ಲಿ ಬಗೆಹರಿಯದಿದ್ದರೆ ಏನಾದರೊಂದು ಒತ್ತಿ, ಗುರುತು ಹಾಕಿ, ಮುಂದೆ ಹೋಗಬೇಕು. ಒತ್ತದೆ ಹೋಗಬಾರದು. ಹಿಂದಿರುಗಲು ಸಮಯ ಸಿಗುತ್ತದೆ ಎಂಬುದಕ್ಕೆ ಯಾರೂ ಜಾಮೀನಿಲ್ಲ.

18 ನಿಮಿಷದ ಭಾಗಕ್ಕೆ ಮಾಡಿಕೊಂಡ ಅಂದಾಜು ಹೀಗಿತ್ತು: ಬಿಟ್ಟ ಸ್ಥಳದ ನಾಲ್ಕು ಪ್ರಶ್ನೆಗೆ ನಾಲ್ಕೂವರೆ ನಿಮಿಷ, ಜೋಡಿಪದದ ಮೂರಕ್ಕೆ ಎರಡೂವರೆ, ಮೂರು ಚಿಕ್ಕ ಪ್ಯಾಸೇಜ್ ಓದಲು ಮೂರೂಮುಕ್ಕಾಲು, ಅವುಗಳ ಐದು ಪ್ರಶ್ನೆಗೆ ಐದೂವರೆ. ಒಟ್ಟು ಹದಿನಾರೂಕಾಲು. ಉಳಿದ ಒಂದೂಮುಕ್ಕಾಲು ನಿಮಿಷ ಗುರುತು ಹಾಕಿದ್ದಕ್ಕೆ. ಪ್ರಶ್ನೆಗಳ ಹಂಚಿಕೆ ಪರೀಕ್ಷೆಯಿಂದ ಪರೀಕ್ಷೆಗೆ ಒಂದೆರಡು ಆಚೀಚೆ ಆಗುತ್ತದೆ, ಆದರೆ ಅಂದಾಜೇ ಇಲ್ಲದವರಿಗೆ ತಾವು ಹಿಂದೆ ಬಿದ್ದದ್ದು ಕೊನೆಯ ಎರಡು ನಿಮಿಷದಲ್ಲಷ್ಟೇ ತಿಳಿಯುತ್ತದೆ.

ಏಳನೆಯ ದಿನದ ಹಿನ್ನಡೆ

ದಿನಚರಿ ಬೆಳಿಗ್ಗೆ 75 ನಿಮಿಷ, ರಾತ್ರಿ 40. ಮೊದಲ ಮೂರು ದಿನ ಇದನ್ನು ತಿರುವುಮುರುವು ಮಾಡಿದ್ದಳು. ಬೆಳಿಗ್ಗೆ ಪದ, ರಾತ್ರಿ ಪ್ಯಾಸೇಜ್. ಆಫೀಸು, ಟ್ರಾಫಿಕ್ಕು, ಊಟ ಎಲ್ಲ ಮುಗಿಸಿ ಒಂಬತ್ತೂವರೆಗೆ ಪ್ಯಾಸೇಜ್ ಹಿಡಿದರೆ ಒಂದೇ ಸಾಲನ್ನು ನಾಲ್ಕು ಸಲ ಓದಬೇಕಾಗುತ್ತಿತ್ತು. ನಾಲ್ಕನೆಯ ದಿನದಿಂದ ಓದು ಬೆಳಿಗ್ಗೆಗೆ, ಕಾರ್ಡ್ ರಾತ್ರಿಗೆ ಬಂತು.

ಏಳನೆಯ ದಿನ, ಭಾನುವಾರ, ಇಟಿಎಸ್‌ನ ಅಭ್ಯಾಸ ಪುಸ್ತಕದಿಂದ 12 ಮತ್ತು 15 ಪ್ರಶ್ನೆಗಳ ಎರಡು ಭಾಗ ಜೋಡಿಸಿ ಸಮಯ ಹಿಡಿದು ಮಾಡಿದಳು. 7 ಮತ್ತು 8 ಸರಿ. ವಾರವಿಡೀ ದುಡಿದು ಬರೀ ಎರಡು ಪ್ರಶ್ನೆ ಹೆಚ್ಚು! ಸೋಮವಾರ ರಾತ್ರಿ ಮತ್ತೆ 50 ಪದದ ಯೋಜನೆ ತಲೆಯೆತ್ತಿತು. ತಪ್ಪಿನ ಪಟ್ಟಿ ಮಾತ್ರ ಬೇರೆ ಕಥೆ ಹೇಳುತ್ತಿತ್ತು. ಗೊತ್ತಿಲ್ಲದ ಪದ 3, ಅರೆಬರೆ ಪದ 4ರಿಂದ 2ಕ್ಕೆ, ತಿರುವು 3ರಿಂದ 2ಕ್ಕೆ, ಸಮಯ 2ರಿಂದ 1ಕ್ಕೆ. ಏರಿದ್ದು ಪ್ಯಾಸೇಜಿನ ತಪ್ಪು, 2ರಿಂದ 4ಕ್ಕೆ. ಕಾರಣವೂ ಸರಳ. ಗಡಿಯಾರದ ಪಾಠ ಅತಿಯಾಗಿ ಹತ್ತಿ, ಪ್ಯಾಸೇಜ್ ಓದುವ ಹೊತ್ತನ್ನೇ ಕತ್ತರಿಸಿದ್ದಳು. ಪ್ರಶ್ನೆ ಮೊದಲು ಓದಿ ಪ್ಯಾಸೇಜಿನಲ್ಲಿ ಆ ಪದ ಹುಡುಕುವ ಉಪಾಯವನ್ನು ಯಾರೋ ಹೇಳಿಕೊಟ್ಟಿದ್ದರು. ಜಿಆರ್‌ಇಯಲ್ಲಿ ಅದು ಕೈಕೊಡುತ್ತದೆ, ಏಕೆಂದರೆ ತಪ್ಪು ಆಯ್ಕೆಗಳೇ ಪ್ಯಾಸೇಜಿನ ಪದಗಳನ್ನು ಯಥಾವತ್ತಾಗಿ ಹೊತ್ತಿರುತ್ತವೆ. ಸರಿಯುತ್ತರ ಸಾಮಾನ್ಯವಾಗಿ ಬೇರೆ ಮಾತುಗಳಲ್ಲಿರುತ್ತದೆ.

ಎರಡನೆಯ ವಾರ ಹಾಗಾಗಿ ಓದಿನ ವಾರ. ದಿನಕ್ಕೆ ನಾಲ್ಕು ಪ್ಯಾಸೇಜ್, ಹೆಚ್ಚಿಲ್ಲ. ಓದಿದ ಮೇಲೆ ಪ್ರಶ್ನೆ ನೋಡುವ ಮೊದಲು ಒಂದು ಸಾಲು ಕನ್ನಡದಲ್ಲಿ ಗಟ್ಟಿಯಾಗಿ ಹೇಳಬೇಕು: ಯಾರೋ ಹೀಗಂದರು, ಲೇಖಕರು ಒಪ್ಪಿದರೋ ಇಲ್ಲವೋ, ಯಾಕೆ. ಒಂದು ಮಾದರಿ ನೋಡಿ. ಪಟ್ಟಣವೊಂದು ಬೆಳೆದದ್ದು ರೈಲು ಬಂದದ್ದರಿಂದ ಎಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಲೇಖಕರು ತೆರಿಗೆ ದಾಖಲೆ ತೆಗೆದು, ಹಳಿ ಹಾಕುವ ಮೊದಲೇ ಅಲ್ಲಿ ವ್ಯಾಪಾರ ಏರತೊಡಗಿತ್ತು ಎನ್ನುತ್ತಾರೆ. ಲೇಖಕರು ಯಾವುದನ್ನು ಒಪ್ಪುತ್ತಾರೆ? ಒಂದು, ಪಟ್ಟಣದ ಬೆಳವಣಿಗೆಯಲ್ಲಿ ರೈಲಿನ ಪಾತ್ರ ಏನೂ ಇರಲಿಲ್ಲ. ಎರಡು, ಬೆಳವಣಿಗೆಯನ್ನು ರೈಲೊಂದರಿಂದಲೇ ವಿವರಿಸಲಾಗದು. ಮೂರು, ಇತಿಹಾಸಕಾರರಿಗೆ ತೆರಿಗೆ ದಾಖಲೆಯೇ ಅತ್ಯಂತ ನಂಬಲರ್ಹ ಆಧಾರ.

ಅವಳು ಆರಿಸಿದ್ದು ಒಂದನೆಯದು. ಲೇಖಕರು ವಿರೋಧಿಸುತ್ತಿದ್ದಾರೆ ಎಂಬುದನ್ನು ಸರಿಯಾಗಿಯೇ ಹಿಡಿದಿದ್ದಳು, ಆದರೆ ವಿರೋಧದ ಅಳತೆ ತಪ್ಪಿತು. 'ಮೊದಲೇ ಶುರುವಾಗಿತ್ತು' ಎನ್ನುವುದಕ್ಕೂ 'ಏನೂ ಇರಲಿಲ್ಲ' ಎನ್ನುವುದಕ್ಕೂ ಬಹಳ ದೂರ. ಮೂರನೆಯದು ಪ್ಯಾಸೇಜಿನ ಆಚೆಗೆ ಹೋಯಿತು, ಅಲ್ಲಿ ದಾಖಲೆಗಳ ನಡುವೆ ಹೋಲಿಕೆಯೇ ಇಲ್ಲ. ಸರಿಯುತ್ತರ ಎರಡನೆಯದು, ಮತ್ತು ಅದು ಸಪ್ಪೆಯಾಗಿದೆ. ಸರಿಯುತ್ತರಗಳು ಬಹುಪಾಲು ಸಪ್ಪೆಯಾಗಿಯೇ ಇರುತ್ತವೆ. 'ಎಲ್ಲ', 'ಮಾತ್ರ', 'ಎಂದಿಗೂ', 'ಅತ್ಯಂತ' ಕಂಡಲ್ಲಿ ಪ್ಯಾಸೇಜಿನ ಯಾವ ಸಾಲು ಅಷ್ಟು ಜೋರಾಗಿ ಹೇಳಿದೆ ಎಂದು ಬೆರಳಿಟ್ಟು ತೋರಿಸಬೇಕು. ತೋರಿಸಲಾಗದಿದ್ದರೆ ಬಿಡಬೇಕು. 'ಅನ್ವಯಿಸುವ ಎಲ್ಲವನ್ನೂ' ಎಂಬ ಪ್ರಶ್ನೆಯಲ್ಲಿ ಮೂರು ಆಯ್ಕೆಗಳನ್ನು ಮೂರು ಬೇರೆ ಸರಿ-ತಪ್ಪು ಪ್ರಶ್ನೆಗಳೆಂದೇ ಎಣಿಸಬೇಕು. ಒಂದಾದರೂ ಸಿಕ್ಕಿತಲ್ಲ ಎಂದು ಉಳಿದದ್ದನ್ನು ಓದದೆ ಬಿಡುವುದು ಅಲ್ಲಿನ ಮಾಮೂಲಿ ತಪ್ಪು.

ದಿನಪತ್ರಿಕೆಯ ಸಂಪಾದಕೀಯ ಓದಿ ಎಂಬ ಸಲಹೆಯನ್ನು ಈ 19 ದಿನಕ್ಕೆ ಕೈಬಿಟ್ಟಿದ್ದು ಉದ್ದೇಶಪೂರ್ವಕ. ಓದು ಬೇಡ ಎಂದಲ್ಲ. ಅದರ ಫಲ ತಿಂಗಳುಗಳಲ್ಲಿ ಬರುತ್ತದೆ, ಮತ್ತು ಅಲ್ಲಿ ತಪ್ಪು ಮಾಡಿದರೆ ತಿದ್ದುವವರು ಯಾರೂ ಇರುವುದಿಲ್ಲ.

ಕ್ವಾಂಟ್ ಅನ್ನು ಪೂರ್ತಿ ಬಿಡಲಿಲ್ಲ, ದಿನ ಬಿಟ್ಟು ದಿನ 20 ನಿಮಿಷ.

ಹದಿನಾಲ್ಕನೆಯ ದಿನ

ಎರಡನೆಯ ಪವರ್‌ಪ್ರೆಪ್ ಅನ್ನು ಹದಿನಾಲ್ಕನೆಯ ದಿನಕ್ಕೆ ಇಟ್ಟದ್ದಕ್ಕೆ ಕಾರಣವಿದೆ. ಪರೀಕ್ಷೆಯ ದಿನಾಂಕ ಬದಲಿಸಬೇಕಿದ್ದರೆ ನಾಲ್ಕು ದಿನ ಮುಂಚೆಯೇ ಬದಲಿಸಬೇಕು, ಅದಕ್ಕೆ ಶುಲ್ಕವೂ ಇದೆ. ಅಭ್ಯಾಸ ಪರೀಕ್ಷೆಯನ್ನು ಕೊನೆಯ ಮೂರು ದಿನಕ್ಕೆ ಉಳಿಸಿಕೊಳ್ಳುವವರಿಗೆ ಅಂಕ ತಿಳಿಯುತ್ತದೆ, ಅದರ ಮೇಲೆ ಏನೂ ಮಾಡಲು ಬರುವುದಿಲ್ಲ. ಪ್ರಬಂಧವನ್ನೂ ಸೇರಿಸಿ ಪೂರ್ತಿ ಪರೀಕ್ಷೆ ಕೂತಳು. ಅರ್ಧ ಗಂಟೆ ಟೈಪ್ ಮಾಡಿದ ಮೇಲೆ ವರ್ಬಲ್‌ಗೆ ಎಷ್ಟು ತಲೆ ಉಳಿಯುತ್ತದೆ ಎಂಬುದು ಹಾಗೆ ಕೂತರಷ್ಟೇ ಗೊತ್ತಾಗುವುದು.

ಮೊದಲ ಭಾಗದಲ್ಲಿ 12ಕ್ಕೆ 9. ಎರಡನೆಯ ಭಾಗ ಹಿಂದಿನದಕ್ಕಿಂತ ಕಠಿಣವಾಗಿ ಬಂತು, 15ಕ್ಕೆ 9. ವರ್ಬಲ್ 154, ಕ್ವಾಂಟ್ 165. ಎರಡನೆಯ ಭಾಗ ಕಷ್ಟವಾಯಿತು ಎಂದು ಅವಳು ಮುಖ ಸಣ್ಣಗೆ ಮಾಡಿಕೊಂಡಿದ್ದಳು. ಅದು ಕೆಟ್ಟ ಸುದ್ದಿಯಲ್ಲ, ಮೊದಲ ಭಾಗ ಚೆನ್ನಾಗಿ ಹೋದದ್ದರ ಫಲ. ಉಳಿದ 9 ತಪ್ಪುಗಳಲ್ಲಿ ಗೊತ್ತಿಲ್ಲದ ಪದ 3, ಪ್ಯಾಸೇಜ್ 3, ಅರೆಬರೆ ಪದ, ತಿರುವು, ಸಮಯ ತಲಾ 1. ಗೊತ್ತಿಲ್ಲದ ಪದದ ಲೆಕ್ಕ ಮೂರೂ ಸಲ ಮೂರೇ. ಆ ಸಾಲು ಕದಲದೆಯೇ 13 ಸರಿ 18 ಆಯಿತು.

ದಿನಾಂಕ ಬದಲಿಸಲಿಲ್ಲ.

ಕೊನೆಯ ಐದು ದಿನ ಹೊಸ ಪದ ಒಂದೂ ಇಲ್ಲ. ಹಳೆಯ ಕಾರ್ಡುಗಳು, ತಪ್ಪಿನ ಪಟ್ಟಿ, ದಿನಕ್ಕೆ ಸಮಯ ಹಿಡಿದು ಒಂದೇ ಒಂದು ಭಾಗ. ಶುಕ್ರವಾರ ಅದೂ ಇಲ್ಲ, ಕಪಾಟಿನ ಬಾಗಿಲಿನ ಹಾಳೆ ಮಾತ್ರ. ಪಾಸ್‌ಪೋರ್ಟನ್ನು ಹಿಂದಿನ ರಾತ್ರಿಯೇ ಬ್ಯಾಗಿಗೆ ಹಾಕಿದ್ದು, ಅದರಲ್ಲಿನ ಹೆಸರಿಗೂ ನೋಂದಣಿಯ ಹೆಸರಿಗೂ ಅಕ್ಷರ ಅಕ್ಷರ ತಾಳೆ ನೋಡಿದ್ದು. ನಮ್ಮಲ್ಲಿ ಇನಿಷಿಯಲ್ ಮುಂದೋ ಹಿಂದೋ ಎಂಬ ಗೊಂದಲ ಇದ್ದೇ ಇರುವುದರಿಂದ ಇದನ್ನು ನೋಂದಾಯಿಸುವ ದಿನವೇ ನೋಡಿಕೊಳ್ಳುವುದು ಲೇಸು. ಶನಿವಾರ ಬೆಳಿಗ್ಗೆ ಹೊರಡುವ ಮೊದಲು, ಹಿಂದೆ ಸರಿಯಾಗಿ ಮಾಡಿದ್ದ ಎರಡು ಪ್ಯಾಸೇಜುಗಳನ್ನು ಮತ್ತೆ ಓದಿದಳು. ಹೊಸದನ್ನು ಹಿಡಿದು ಅದು ತಪ್ಪಾದರೆ ಆ ಕಹಿ ಪರೀಕ್ಷಾ ಕೋಣೆಯವರೆಗೂ ಬರುತ್ತದೆ.

ಪರೀಕ್ಷೆ ಮುಗಿದ ಕೂಡಲೇ ಪರದೆಯ ಮೇಲೆ ಅನಧಿಕೃತ ಅಂಕ ಬಂತು: ವರ್ಬಲ್ 155, ಕ್ವಾಂಟ್ 166. ಇನ್ನೊಂದು ಸಲ ಬರೆಯಬೇಕೆಂದರೆ 21 ದಿನ ಕಾಯಬೇಕಿತ್ತು. ಅರ್ಜಿಯ ಕೊನೆಯ ದಿನಾಂಕಗಳು ಅಷ್ಟು ದೂರ ಇರಲಿಲ್ಲ, ಅವಳಿಗೆ ಅದರ ಅಗತ್ಯವೂ ಇರಲಿಲ್ಲ. ಮೂರನೆಯ ರಾಶಿಯ ಪದಗಳಲ್ಲಿ ಇನ್ನೂರಕ್ಕೂ ಹೆಚ್ಚು ಇನ್ನೂ ರಬ್ಬರ್ ಬ್ಯಾಂಡ್ ಹಾಕಿದಂತೆಯೇ ಇವೆ.